ಎಂಟನೆಯ ಬಹಿಷ್ಕಾರ

ಕ್ಷಮಿಸುವುದು ದೊಡ್ಡ ಗುಣವೆಂದು ಎಲ್ಲ ಧರ್ಮಗಳೂ ಸಾರುತ್ತವೆ, ನಾನದನ್ನು ಅಲ್ಲಗಳೆಯುವವನಲ್ಲ. ಆದರೆ ಕ್ಷಮಾಶೀಲರೆಂದು ಹೆಸರು ಪಡೆದವರನ್ನು ನಾನು ಬಹುಕಾಲದಿಂದ ಹತ್ತಿರದಿಂದ ಗಮನಿಸುತ್ತ ಬಂದಿದ್ದೇನೆ. ಅವರಲ್ಲಿ ಮುಕ್ಕಾಲು ಪಾಲು ಜನ ಕ್ಷಮಿಸಿದವರಲ್ಲ, ಮರೆತವರು. ತಮ್ಮನ್ನು ಯಾರು, ಎಲ್ಲಿ, ಯಾವ ಮಾತಿನಿಂದ ಹಗುರ ಮಾಡಿದರು ಎಂಬುದನ್ನು ಸರಿಯಾಗಿ ನೆನಪಿಟ್ಟುಕೊಳ್ಳಲು ಬೇಕಾದ ಶಿಸ್ತು ಅವರಿಗಿಲ್ಲ. ಅಂಥವರು ತಮ್ಮ ಮರೆವನ್ನು ಔದಾರ್ಯವೆಂದು ಕರೆದುಕೊಳ್ಳುವುದು, ಗಡ್ಡವೇ ಬಾರದವನು ತಾನು ನಿತ್ಯ ಕ್ಷೌರ ಮಾಡಿಕೊಳ್ಳುತ್ತೇನೆಂದು ಹೇಳಿಕೊಂಡಂತೆ. ನನಗೆ ದೇವರು ಒಳ್ಳೆಯ ಜ್ಞಾಪಕಶಕ್ತಿಯನ್ನು ಕರುಣಿಸಿದ್ದಾನೆ. ಅದನ್ನು ಬಳಸದೆ ತುಕ್ಕು ಹಿಡಿಸುವುದು ಕೊಟ್ಟವನಿಗೆ ಮಾಡುವ ಅಗೌರವವೆಂದು ನಾನು ನಂಬಿದ್ದೇನೆ. ಈ ನಂಬಿಕೆಯಿಂದಾಗಿ ನಾನು ಸುಖಪಟ್ಟಿದ್ದೇನೆಂದು ಹೇಳಲಾರೆ. ಆದರೆ ತಲೆಯೆತ್ತಿಕೊಂಡು ನಡೆದಿದ್ದೇನೆ, ಮೊಣಕಾಲು ನೋವಿದ್ದರೂ.

ನಾನೂ ನನ್ನ ಹೆಂಡತಿ ಸೆವ್ರಿನಳೂ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೇವೆ. ಮಗಳು ಆಸ್ಪತ್ರೆಯೊಂದರಲ್ಲಿ ನರ್ಸು. ನಮ್ಮಿಬ್ಬರ ವೀಸಾ ಅವಳ ಹೆಸರಿನ ಮೇಲಿದೆ ಎಂಬುದನ್ನು ಅವಳು ಈವರೆಗೆ ಬಾಯಿಬಿಟ್ಟು ಹೇಳಿಲ್ಲ. ಒಮ್ಮೆ ಮಾತ್ರ ಆ ಅರ್ಥ ಬರುವಂತೆ ಫ್ರಿಜ್ಜಿನ ಬಾಗಿಲು ಮುಚ್ಚಿದ್ದಳು. ಶನಿವಾರ ಸಂಜೆ ಅವಳಿಗೆ ಡ್ಯೂಟಿ. ಆ ಸಂಜೆ ಸೆವ್ರಿನ್ ಒಲೆ ಹಚ್ಚುವುದಿಲ್ಲ. ಇದು ನಾವು ಈ ಊರಿಗೆ ಬಂದ ಹೊಸತರಲ್ಲಿಯೇ ಆದ ಒಪ್ಪಂದ. ನಮ್ಮ ಕಡೆಯ ಅನೇಕ ಹೆಂಗಸರಂತೆ ಅವಳೂ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಆರಿದ ಮೇಲೆ ತಿಂದು ಬದುಕಿದವಳು. "ವಾರದಲ್ಲಿ ಒಂದು ಹೊತ್ತು ಯಾರಾದರೂ ನನಗೆ ಬಡಿಸಲಿ ಮಾರಾಯ್ರೆ. ಬಿಸಿ ಇರುವಾಗಲೇ ತಿನ್ನಬೇಕು, ಅಷ್ಟೆ" ಎಂದಿದ್ದಳು. ನ್ಯಾಯವಾದ ಬೇಡಿಕೆ. ನಾನು ಕೂಡಲೇ ಒಪ್ಪಿದೆ. ತೊಡಕು ಬಂದದ್ದು ನನ್ನಿಂದಲ್ಲ, ಹೋಟೆಲುಗಳಿಂದ.

ನಮ್ಮ ಮನೆಯಿಂದ ನನ್ನ ಮೊಣಕಾಲು ಹೋಗಿಬರಬಲ್ಲ ದೂರದಲ್ಲಿ ಎಂಟು ಹೋಟೆಲುಗಳಿವೆ. ಮೊದಲನೆಯದು ನಮ್ಮವರದೇ. ಅಲ್ಲಿ ನಾನು ತಿಂಡಿಗೆ ಮೊದಲೇ ತರಿಸಿದ್ದ ಕಾಫಿಯ ಕೊನೆಯ ಗುಟುಕನ್ನು ಇನ್ನೂ ಕುಡಿಯುತ್ತಿರುವಾಗಲೇ ಒಬ್ಬಾತ ಬಂದು ಮೇಜು ಒರೆಸತೊಡಗಿದ. ಲೋಟ ಎತ್ತಿ ಹಿಡಿದುಕೊಳ್ಳಿ ಎಂದು ಕಣ್ಣಿನಲ್ಲೇ ಸೂಚಿಸಿದ. ಎರಡನೆಯದರಲ್ಲಿ ನಾವು ಒಳಗೆ ಕಾಲಿಡುತ್ತಿದ್ದಂತೆಯೇ ಗಲ್ಲಾದಲ್ಲಿದ್ದವನು "ಪಾರ್ಸೆಲ್?" ಎಂದು ಕೇಳಿದ. ಇಬ್ಬರು ವೃದ್ಧರು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಕೈಹಿಡಿದುಕೊಂಡು ಬಂದಿರುವುದು ಪಾರ್ಸೆಲ್ ಒಯ್ಯುವುದಕ್ಕೆಂದು ಅವನಿಗೇಕೆ ಅನಿಸಿತು? ಆ ಪ್ರಶ್ನೆಯೊಳಗಿನ ಅವಮಾನ ನನಗೆ ಪೂರ್ತಿ ಅರಿವಾದದ್ದು ತಟ್ಟೆಗಳು ಬಂದ ಮೇಲೆ. ಮೂರನೆಯ ಕಡೆ ನಮ್ಮ ಮೇಜಿಗೆ ಅಪರಿಚಿತನೊಬ್ಬನನ್ನು ತಂದು ಕೂರಿಸಿದರು. ಆತ ನಮ್ಮ ಉಪ್ಪಿನಕಾಯಿಯನ್ನು ಬಳಸಿದ. ನಾಲ್ಕನೆಯದು ಅಂಕಲ್ ಎಂದು ಕರೆದದ್ದಕ್ಕೆ. ಉಳಿದವುಗಳ ವಿವರ ಬೇಕಾದವರಿಗೆ ನಾನು ಖುದ್ದಾಗಿ ಹೇಳಬಲ್ಲೆ. ಪ್ರತಿ ಸಲವೂ ನಾನು ನ್ಯಾಪ್‌ಕಿನ್ ಮಡಚಿಟ್ಟು, ಬಿಲ್ಲು ತೀರಿಸಿ, ಎದ್ದು ಬಂದಿದ್ದೇನೆ. ಸೆವ್ರಿನಳೂ ಎದ್ದು ಬಂದಿದ್ದಾಳೆ. ಟ್ಯಾಕ್ಸಿ ಹಿಡಿದು ದೂರ ಹೋಗಬಹುದಲ್ಲವೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ಟ್ಯಾಕ್ಸಿಯವರ ವಿಷಯ ಬೇರೆಯೇ ಇದೆ.

ಹೀಗೆ ಏಳು ಬಾಗಿಲುಗಳು ಮುಚ್ಚಿದ ಮೇಲೆ ಉಳಿದದ್ದು ಎಂಟನೆಯದು. ಟೈಲರ್ ಅಂಗಡಿಗೂ ಮೊಬೈಲ್ ರಿಪೇರಿಯ ಅಂಗಡಿಗೂ ನಡುವೆ ಸಿಕ್ಕಿಕೊಂಡ ಪುಟ್ಟ ಜಾಗ; ಐದಾರು ಮೇಜು, ಗೋಡೆಯಲ್ಲಿ ನೀಲಿ ಬಿಳಿ ಬಾವುಟ. ಅದು ಎಲ್ ಸಾಲ್ವಡಾರ್ ಎಂಬ ದೇಶದವರ ಹೋಟೆಲು. ಆ ದೇಶ ಅಮೆರಿಕ ಖಂಡಗಳ ಸೊಂಟದ ಹತ್ತಿರ ಇದೆಯೆಂದು ಮಗಳು ಫೋನಿನಲ್ಲಿ ತೋರಿಸಿ, "ಡ್ಯಾಡಿ, ಪ್ಲೀಸ್, ದಿಸ್ ಈಸ್ ದಿ ಲಾಸ್ಟ್ ಒನ್" ಎಂದಳು. ಆ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ. ಸೆವ್ರಿನಳ ಮಾತು ಇನ್ನೂ ಸ್ಪಷ್ಟವಾಗಿತ್ತು. "ಇಲ್ಲಿಯೂ ನೀವು ಜಗಳ ಮಾಡಿದರೆ ನಾನು ಶನಿವಾರವೂ ಅಡುಗೆ ಮಾಡಬೇಕು. ಅದು ನನ್ನಿಂದ ಆಗುವುದಿಲ್ಲ, ಈಗಲೇ ಹೇಳಿದ್ದೇನೆ." ನಾನೆಂದೂ ಜಗಳ ಮಾಡಿದವನಲ್ಲ, ಬಹಿಷ್ಕಾರ ಹಾಕಿದವನು ಎಂದು ತಿದ್ದಿದೆ. ಎರಡರಲ್ಲಿಯೂ ಹಸಿವು ಒಂದೇ ಎಂದಳು.

ಹೋಟೆಲಿನ ಒಡತಿಯ ಹೆಸರು ಡೊಲೊರೆಸ್. ಊರಿನಲ್ಲಿ ನಮ್ಮ ಇಗರ್ಜಿಯ ಒಂದು ವಾಡೆಯಲ್ಲಿಯೇ, ಅಂದರೆ ಒಂದೇ ಕೇರಿಯಲ್ಲಿ, ಮೂವರು ಡೊಲೊರೆಸ್‌ಗಳಿದ್ದುದರಿಂದ ಕನಿಷ್ಠ ಮರ್ಯಾದೆಯನ್ನು ನಿರೀಕ್ಷಿಸಿದ್ದು ನನ್ನ ತಪ್ಪಲ್ಲ. ಅಗಲವಾದ ಹೆಂಗಸು, ಸೆರಗಿಲ್ಲದಿದ್ದರೂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡವಳಂತೆ ಓಡಾಡುತ್ತಿದ್ದಳು. ಕಾವಲಿ ಎಲ್ಲರಿಗೂ ಕಾಣುವಂತೆಯೇ ಇತ್ತು. ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಬಟ್ಟಲು ಮಾಡಿ, ಅರೆದ ಬೀನ್ಸನ್ನೂ ಚೀಸನ್ನೂ ತುಂಬಿ, ಮುಚ್ಚಿ, ಪಟಪಟನೆ ತಟ್ಟಿ ಕಾವಲಿಗೆ ಹಾಕುವಳು. ಅದಕ್ಕೆ ಪುಪುಸಾ ಎಂದು ಹೆಸರು. ಜೋಳದ ಹಿಟ್ಟಿನದೂ ಉಂಟು, ಅಕ್ಕಿ ಹಿಟ್ಟಿನದೂ ಉಂಟು. ಅಕ್ಕಿಯೆಂದು ಕೇಳಿದ್ದೇ ಸೆವ್ರಿನಳ ಮುಖ ಅರಳಿತು. "ನಮ್ಮ ಅಕ್ಕಿ ಭಾಕ್ರಿಯ ಹೊಟ್ಟೆಯೊಳಗೆ ಪಲ್ಯ ಇಟ್ಟ ಹಾಗೆ ಉಂಟು ನೋಡಿ" ಎಂದಳು. ತಟ್ಟೆಗಳು ಬಂದವು. ಪಕ್ಕದಲ್ಲಿ ವಿನೆಗರಿನಲ್ಲಿ ನೆನೆಸಿದ ಎಲೆಕೋಸು, ತೆಳ್ಳನೆಯ ಟೊಮೆಟೊ ಸಾರು. ಬರಬೇಕಾದ ಒಂದೇ ವಸ್ತು ಬಂದಿರಲಿಲ್ಲ. ನಾನು ಕೈಯೆತ್ತಿ ಫೋರ್ಕು ಮತ್ತು ಚಾಕು ಕೇಳಿದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುವುದು ಅಗತ್ಯ. ನಾನು ಮೊದಲ ಸಲ ಗಲ್ಫಿಗೆ ಕೆಲಸಕ್ಕೆ ಬಂದಾಗ ನಮ್ಮ ಕಚೇರಿಯವರು ದೊಡ್ಡ ಹೋಟೆಲೊಂದರಲ್ಲಿ ಔತಣ ಕೊಟ್ಟಿದ್ದರು. ನಾನು ಅನ್ನ ಕಲಸಿದೆ. ಪಕ್ಕದಲ್ಲಿ ಕುಳಿತಿದ್ದ ಸಹೋದ್ಯೋಗಿ, ನಮ್ಮ ದೇಶದವನೇ, ಎಲ್ಲರಿಗೂ ಕೇಳುವಂತೆ "ನಿಮ್ಮ ಕಡೆ ಇನ್ನೂ ಕೈಯಲ್ಲಿಯೇ?" ಎಂದು ವಿಚಾರಿಸಿದ. ಅಂದಿನಿಂದ ನಾಲ್ಕು ಜನರೆದುರು ನಾನು ಕೈಯಲ್ಲಿ ಉಂಡವನಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಚಾಕು ಫೋರ್ಕುಗಳ ಅಭ್ಯಾಸ ಮಾಡಿದೆ. ಮೊದಲು ಇಡ್ಲಿ, ಆಮೇಲೆ ದೋಸೆ, ಆಮೇಲೆ ಚಪಾತಿ. ಕೊನೆಗೆ ಹುರಿದ ಬಂಗುಡೆ ಮೀನನ್ನು, ನಡುಮುಳ್ಳು ಇದ್ದಲ್ಲಿಯೇ ಇರುವಂತೆ, ಅದರ ತಲೆಗೆ ತಿಳಿಯದ ಹಾಗೆ ತಿಂದು ಮುಗಿಸುವ ಮಟ್ಟಕ್ಕೆ ಬಂದೆ. ಆ ಸಹೋದ್ಯೋಗಿ ನಿವೃತ್ತನಾಗಿ ಹೋಗುವ ಔತಣದಲ್ಲಿ ಅವನೆದುರಿಗೇ ಕುಳಿತು ಒಂದು ಕಿತ್ತಳೆಯನ್ನು ಕೈತಾಗಿಸದೆ ಸುಲಿದೆ. ಅವನು ನೋಡಲಿಲ್ಲ. ಅದೂ ನೆನಪಿದೆ.

ಇಷ್ಟು ಸಾಧನೆಯುಳ್ಳವನಿಗೆ ಡೊಲೊರೆಸ್ ಕಾವಲಿಯ ಬಳಿಯಿಂದಲೇ ಹೇಳಿದ ಉತ್ತರ ಇದು: "ಹ್ಯಾಂಡ್, ಸಿನ್ಯೋರ್, ಹ್ಯಾಂಡ್. ಫೋರ್ಕ್ ಮಾಫಿ." ಮಾಫಿ ಎಂದರೆ ಇಲ್ಲ, ಅರಬ್ಬಿ ಬಾರದವರೂ ಈ ಊರಿಗೆ ಬಂದ ದಿನವೇ ಕಲಿಯುವ ಮಾತು. ಫೋರ್ಕ್ ಇಲ್ಲದ ಹೋಟೆಲು ಲೋಕದಲ್ಲಿಯೇ ಇಲ್ಲವೆಂದು ನನಗೆ ಗೊತ್ತಿತ್ತು. ಗಲ್ಲಾದ ಪಕ್ಕದ ಡಬ್ಬದಲ್ಲಿ ಅವು ಕಾಣುತ್ತಲೂ ಇದ್ದವು. ನಾನೇ ಎದ್ದು ಹೋಗಿ ಒಂದು ಜೊತೆ ತಂದೆ. ಪುಪುಸಾವನ್ನು ಸಮಕೋನದಲ್ಲಿ ಕತ್ತರಿಸಿ, ಒಂದು ತುಂಡನ್ನು ಮೇಲೆತ್ತಿದೆ. ಚೀಸು ಜೊತೆಯಲ್ಲಿಯೇ ಎದ್ದಿತು. ನಾನು ಫೋರ್ಕನ್ನು ಎತ್ತಿದಷ್ಟೂ ಅದೂ ಎಳೆಯಾಗಿ ಉದ್ದವಾಗುತ್ತ ಹೋಯಿತು. ಚಾಕುವಿನಿಂದ ಕಡಿಯಲು ನೋಡಿದರೆ ಚಾಕುವಿಗೂ ಸುತ್ತಿಕೊಂಡಿತು. ಪಕ್ಕದ ಮೇಜಿನ ಮಗುವೊಂದು ತಿನ್ನುವುದನ್ನು ನಿಲ್ಲಿಸಿ ನೋಡತೊಡಗಿತು. ಆಗ ಡೊಲೊರೆಸ್ ಬಂದಳು. ನನ್ನ ಎರಡೂ ಕೈಗಳಿಂದ ಫೋರ್ಕು ಚಾಕುಗಳನ್ನು ಬಿಡಿಸಿಕೊಂಡು ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ತನ್ನ ಬೆರಳುಗಳಿಂದ ಪುಪುಸಾದ ಒಂದು ಚೂರನ್ನು ಮುರಿದು, ಮೇಲೆ ಎಲೆಕೋಸು ಇಟ್ಟು, ನನ್ನ ಬಾಯಿಯ ಮಟ್ಟಕ್ಕೆ ಹಿಡಿದು, "ಯಲ್ಲಾ, ಸಿನ್ಯೋರ್" ಎಂದಳು, ಹೂಂ, ಬೇಗ ಎಂದು.

ನಾನು ಮೊಮ್ಮಗುವಲ್ಲ. ನ್ಯಾಪ್‌ಕಿನ್ ಮಡಚಿಟ್ಟೆ. ಬಿಲ್ಲಿಗೆ ಸಾಕಾಗುವಷ್ಟನ್ನು ಮೇಜಿನ ಮೇಲಿಟ್ಟೆ. "ಸೆವ್ರಿನ್, ಏಳು" ಎಂದೆ.

ಅವಳು ಏಳಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಡೊಲೊರೆಸಳ ಕೈಯಲ್ಲಿ ನಡುದಾರಿಯಲ್ಲಿ ನಿಂತಿದ್ದ ಚೂರನ್ನು ತಾನೇ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. "ನೀವು ಹೋಗಿ. ನಾನು ತಿಂದು ಬರುತ್ತೇನೆ" ಎಂದಳು.

ಹೊರಗೆ ಆಗಸ್ಟಿನ ಸೆಕೆ. ನಾನು ಗಾಜಿನ ಆಚೆ ನಿಂತು ಟೈಲರ್ ಅಂಗಡಿಯ ಬೋರ್ಡನ್ನು ಓದಿದೆ. ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಒಳಗೆ ನನ್ನ ಹೆಂಡತಿ ತನ್ನ ತಟ್ಟೆಯನ್ನು ಮುಗಿಸಿ, ನನ್ನದನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಡತಿ ಎದುರಿನ ಕುರ್ಚಿಯಲ್ಲಿ, ಅಂದರೆ ನನ್ನ ಕುರ್ಚಿಯಲ್ಲಿ, ಕುಳಿತಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಇಬ್ಬರೂ ನಗುತ್ತಿದ್ದರು. ಯಾವ ವಿಷಯಕ್ಕೆಂದು ಊಹಿಸಲು ನನಗೆ ಕಷ್ಟವಾಗಲಿಲ್ಲ.

ಮನೆಗೆ ನಡೆಯುವಾಗ ನಾನು ಕೇಳಿದೆ: "ಗಂಡನಿಗೆ ಅವಮಾನವಾದಾಗ ಎದ್ದು ಬರಬೇಕೆಂದು ನಿನಗೆ ಅನಿಸಲಿಲ್ಲವೆ?"

"ಏಳು ಹೋಟೆಲಿನಲ್ಲಿ ಅನಿಸಿತು" ಎಂದಳು. "ಏಳು ಸಲವೂ ನನ್ನ ತಟ್ಟೆ ಬಿಸಿ ಇತ್ತು. ನಿಮಗೆ ಎಲ್ಲ ನೆನಪಿರುತ್ತದಲ್ಲ, ನಾನು ಏನೇನು ಬಿಟ್ಟು ಎದ್ದದ್ದು ಹೇಳಿ ನೋಡುವ."

ನಾನು ಯೋಚಿಸಿದೆ. ಆ ಏಳು ಸಂದರ್ಭಗಳಲ್ಲಿ ಯಾರು ಯಾವ ಬಣ್ಣದ ಅಂಗಿ ತೊಟ್ಟಿದ್ದರೆಂದು ಹೇಳಬಲ್ಲೆ. ಅವಳ ತಟ್ಟೆಯಲ್ಲಿ ಏನಿತ್ತೆಂಬುದು ಒಂದು ಕಡೆಯದ್ದೂ ಹೊಳೆಯಲಿಲ್ಲ. ಅದನ್ನು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲವೆಂದು ವಿವರಿಸಿದೆ. "ಮಸಾಲೆ ದೋಸೆ" ಎಂದು ಅವಳೇ ಶುರು ಮಾಡಿದಳು. "ಆಮೇಲೆ ಅಪ್ಪಂ, ಮೊಟ್ಟೆ ಸಾರು. ಆಮೇಲೆ ಬಿರಿಯಾನಿ, ಅದರಲ್ಲಿ ಎರಡೇ ತುತ್ತು ತಿಂದದ್ದು." ಲಿಫ್ಟು ನಮ್ಮ ಮಹಡಿಗೆ ತಲುಪುವವರೆಗೂ ಅವಳ ಮಾತು ಮುಗಿಯಲಿಲ್ಲ.

ಆದರೆ ಘೋಷಿಸಿದ ಬಹಿಷ್ಕಾರವನ್ನು ಹಿಂತೆಗೆದುಕೊಳ್ಳುವುದು ನನ್ನ ಪದ್ಧತಿಯಲ್ಲ. ಮುಂದಿನ ಶನಿವಾರ ಸೆವ್ರಿನ್ ಒಬ್ಬಳೇ ಹೋದಳು. ಹೊಸ ಸೀರೆ ಉಟ್ಟಿದ್ದಳು. ನಾನು ಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಆತ್ಮಗೌರವದಿಂದ ಕುಳಿತೆ. ಆತ್ಮಗೌರವಕ್ಕೆ ಇರುವ ಒಂದು ದೋಷವೆಂದರೆ ಅದು ಊಟದ ಮೇಜಿನಲ್ಲಿ ಮಾತನಾಡುವುದಿಲ್ಲ. ಅವಳು ಹಿಂದಿರುಗಿದಾಗ ಬೆರಳುಗಳಿಂದ ಕಾವಲಿಯ ಪರಿಮಳ ಬರುತ್ತಿತ್ತು. ಆ ಹೋಟೆಲಿನ ಬೆಲ್ಲದ ಪಾನಕ ಹೇಗಿತ್ತೆಂದು ನಾನು ಕೇಳದಿದ್ದರೂ ಹೇಳಿದಳು.

ಅದರ ಮುಂದಿನ ಶನಿವಾರ ನಾನೂ ಜೊತೆಗೆ ಹೊರಟೆ. ಮುಸ್ಸಂಜೆಯಲ್ಲಿ ಹೆಂಗಸೊಬ್ಬಳೇ ರಸ್ತೆ ದಾಟುವುದು ಸರಿಯಲ್ಲವೆಂಬುದು ಕಾರಣ. "ಇಲ್ಲಿ ಸಿಗ್ನಲ್ ಉಂಟು" ಎಂದಳು. ಸಿಗ್ನಲ್ಲನ್ನು ನಂಬುವವನು ನಾನಲ್ಲ. ಒಳಗೆ ಕುಳಿತರೂ ಏನನ್ನೂ ಆರ್ಡರ್ ಮಾಡುವುದಿಲ್ಲವೆಂದು ಮೊದಲೇ ತಿಳಿಸಿದ್ದೆ. ಡೊಲೊರೆಸ್ ಬಂದಾಗ ನೀಲಿ ಬಾವುಟವನ್ನು ನೋಡುತ್ತ ಕುಳಿತೆ. ಅವಳು ಸೆವ್ರಿನಳನ್ನು ನೋಡಿದಳು, ನನ್ನನ್ನು ನೋಡಿದಳು, "ಖಲಾಸ್?" ಎಂದು ಕೇಳಿದಳು, ಮುಗಿಯಿತೆ ಎಂದು. ಸೆವ್ರಿನ್ "ಸ್ವಲ್ಪ ಸ್ವಲ್ಪ" ಎಂಬಂತೆ ಕೈಯಾಡಿಸಿದಳು. ಒಂದೇ ತಟ್ಟೆ ಬಂದಿತು. ಅದು ಸೆವ್ರಿನಳ ತಟ್ಟೆ. ಹೆಂಡತಿಯ ತಟ್ಟೆಯೆಂಬುದು, ಅದು ಯಾವ ಕಟ್ಟಡದಲ್ಲಿದ್ದರೂ, ಮನೆಯ ಒಂದು ಭಾಗವೆಂದು ವಿವೇಕಿಗಳು ಒಪ್ಪುವರು. ಮನೆಯಲ್ಲಿ ನಾನು ಹಿಂದಿನಿಂದಲೂ ಕೈಯಲ್ಲಿಯೇ ಉಣ್ಣುವವನು. ಆದ್ದರಿಂದ ನಾನು ಕೈ ತೊಳೆದು ಬಂದು ಅದರಿಂದ ಒಂದು ಚೂರನ್ನು ಮುರಿದುಕೊಂಡೆ. ಕಾವಲಿಗೆ ಅಂಟಿ ಗರಿಗರಿಯಾದ ಚೀಸಿನ ಅಂಚು, ಒಳಗೆ ಮೆತ್ತಗಿನ ಅಕ್ಕಿ, ಮೇಲೆ ಹುಳಿ ಎಲೆಕೋಸು. ಅದನ್ನು ಮಾಡಿದವಳ ನಡತೆಗೂ ಅದರ ರುಚಿಗೂ ಯಾವ ಸಂಬಂಧವೂ ಇರಲಿಲ್ಲ.

ಆದುದರಿಂದ ಓದುಗರು ತಪ್ಪು ತಿಳಿಯಬಾರದು. ನನ್ನ ಎಂಟನೆಯ ಬಹಿಷ್ಕಾರ ಇಂದಿಗೂ ಸಂಪೂರ್ಣವಾಗಿ ಜಾರಿಯಲ್ಲಿದೆ. ಆ ಹೋಟೆಲಿನಲ್ಲಿ ನಾನು ಈವರೆಗೆ ಏನನ್ನೂ ಕೇಳಿ ತರಿಸಿಲ್ಲ, ಒಡತಿಯೊಡನೆ ಮಾತನಾಡಿಲ್ಲ, ನನ್ನ ಮುಂದೆ ತಟ್ಟೆ ಇಡಗೊಟ್ಟಿಲ್ಲ. ಸೆವ್ರಿನಳ ತಟ್ಟೆ ಕ್ರಮೇಣ ದೊಡ್ಡದಾಗುತ್ತ ಬಂದಿದ್ದರೆ, ಈಗ ಅದು ಮೇಜಿನ ನಡುವೆಯೇ ಬಂದು ಕೂರುತ್ತಿದ್ದರೆ, ಅದು ಅವರಿಬ್ಬರ ನಡುವಿನ ವ್ಯವಹಾರ. ಕಳೆದ ಶನಿವಾರ ಅದರಲ್ಲಿ ಎಲೆಕೋಸು ಎದ್ದುಕಾಣುವಷ್ಟು ಕಡಿಮೆಯಿತ್ತು. ಡೊಲೊರೆಸಳಿಗೆ ಹೇಳುವಂತಿಲ್ಲದ್ದರಿಂದ ನಾನು ನನ್ನ ಆಕ್ಷೇಪವನ್ನು ಸೆವ್ರಿನಳ ಮುಂದಿಟ್ಟೆ.

"ಅದು ನಿಮಗೆ ಎಂತಕ್ಕೆ ಮಾರಾಯ್ರೆ?" ಎಂದಳು ಅವಳು, ಬಾಯಿ ಒರೆಸಿಕೊಳ್ಳುತ್ತ. "ನೀವು ಇಲ್ಲಿ ಊಟ ಮಾಡುವುದಿಲ್ಲವಲ್ಲ."

ನಿಯಮದ ಪ್ರಕಾರ ಅವಳ ಮಾತು ಸರಿಯಾಗಿತ್ತು. ಬಿಸಿ ಆರುವ ಮೊದಲು ನಾನು ಇನ್ನೊಂದು ಚೂರನ್ನು ಮುರಿದುಕೊಂಡೆ.