ಎತ್ತು ಹೂಡಿ ನೋಡಿದ ಐತವಾರ

ಬೈಲಹೊಂಗಲದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಮಹಾಂತಪ್ಪನ ತಲೆ ಕೆಟ್ಟದ್ದು ಕ್ಷೌರದಂಗಡಿಯಲ್ಲಿ. ಮುಂಬಯಿಯ ಸುಧಾರಿಸಿದ ದಂಪತಿಗಳು ಪರಸ್ಪರ ಒಪ್ಪಿ ಆಗಾಗ ಜೋಡಿ ಬದಲಿಸಿಕೊಳ್ಳುತ್ತಾರೆಂದು ಅಲ್ಲಿದ್ದ ಇಂಗ್ಲಿಷ್ ಮಾಸಿಕವೊಂದು ಬರೆದಿತ್ತು. ಎಪ್ಪತ್ತೈದನೇ ಇಸವಿ ಬಂದರೂ ಬೈಲಹೊಂಗಲ ಹಿಂದುಳಿದಿದೆಯಲ್ಲ ಎಂದು ಅವನಿಗೆ ಸಂಕಟವಾಯಿತು. ಅದೂ ಅಲ್ಲದೆ, ಹಿಂದಿನ ಓಣಿಯ ಗೆಳೆಯ, ಹತ್ತಿ ದಲಾಲಿ ಮಡಿವಾಳೆಪ್ಪನ ಹೆಂಡತಿ ಗುರವ್ವ ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು.

ಜೋಡಿ ಬದಲಿಸುವ ಮಾತು ತೆಗೆದಾಗ ಮಡಿವಾಳೆಪ್ಪ ಚಹಾ ನೆತ್ತಿಗೇರಿಸಿಕೊಂಡರೂ ಒಪ್ಪಿದ. ಐತವಾರ ಬೆಳಿಗ್ಗೆ ನಾಲ್ವರೂ ಮಹಾಂತಪ್ಪನ ಪಡಸಾಲೆಯಲ್ಲಿ ಕೂತರು. ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಳ್ಳುವುದರಿಂದ ಶುರುಮಾಡಿ ವಿಷಯಕ್ಕೆ ಬರುವಷ್ಟರಲ್ಲಿ ಮಹಾಂತಪ್ಪನ ಅಂಗಿ ತೊಯ್ದಿತ್ತು.

"ಜುಲುಮಿ ಏನಿಲ್ಲ. ಎಲ್ಲಾರಿಗೂ ಮನಸಿದ್ರ ಅಷ್ಟ."

ಚೀರಾಟವಾದರೆ ಓಡಲೆಂದು ಅವನು ಚಪ್ಪಲಿ ಕಳಚಿರಲಿಲ್ಲ. ಅವನ ಹೆಂಡತಿ ಚನ್ನವ್ವ ಗುರವ್ವನ ಮುಖ ನೋಡಿದಳು. ಗುರವ್ವ ಸೆರಗು ಸಿಗಿಸಿದಳು.

"ಆಗಲೇಳ್ರಿ ಸರ. ಆದ್ರ ನಾ ಚಚಡಿ ಊರಾಗಿನ ಒಕ್ಕಲುತನದಾಕಿ. ನಮ್ಮ ಕಡಿ ಎತ್ತು ಅದಲಬದಲ ಮಾಡೂ ಮುಂದ, ಒಂದ ದಿನಾ ನೊಗಕ್ಕ ಹೂಡಿ ನೋಡತಾರು. ನಡೀರಿ ನಮ್ಮನಿಗೆ."

ಮಡಿವಾಳೆಪ್ಪನನ್ನು ಚನ್ನವ್ವನ ಪರೀಕ್ಷೆಗೆ ಬಿಟ್ಟು ಮಹಾಂತಪ್ಪ ಹೊರಟ.

ಗುರವ್ವ ಮೊದಲು ಕಟ್ಟಿಗೆ ಒಡೆಸಿದಳು. ಹಿತ್ತಲಿನ ಕಸ ಹೊಡೆಸಿದಳು. ಆಮೇಲೆ ಓಣಿಯ ಬಾವಿಯಿಂದ ನೀರು. ಬಾವಿಕಟ್ಟೆಯ ಮೇಲೆ ನೆರೆಮನೆಯ ಲಗಮವ್ವ ಕೂತಿದ್ದಳು.

"ಯಾಕ್ರಿ ಸರ, ಕಾಲೇಜ ಬಿಡಿಸಿದ್ರೇನು?"

"ಇಲ್ಲವ್ವಾ, ವ್ಯಾಯಾಮ."

"ಹಂಗಾರ ನಮ್ಮೂವೂ ಎರಡ ಕೊಡಾ ಸೇದ್ರಿ. ಮೈ ಗಟ್ಟಿ ಆಗತೈತಿ."

ಬೇರೆ ಪ್ರಶ್ನೆ ಬರದಿದ್ದರೆ ಸಾಕೆಂದು ಸೇದಿಕೊಟ್ಟ. ಸರ ಧರ್ಮಕ್ಕೆ ನೀರು ಸೇದುತ್ತಾರೆಂಬ ಸುದ್ದಿ ಹಬ್ಬಿ, ಮಧ್ಯಾಹ್ನದೊಳಗೆ ಓಣಿಯ ಕೊಡಗಳೆಲ್ಲ ಬಾವಿಕಟ್ಟೆಗೆ ಬಂದು ಕೂತವು. ಇಳಿಹೊತ್ತಿಗೆ ಅವನು ಹೊಸ ಲಾಳ ಬಡಿಸಿಕೊಂಡ ಎತ್ತಿನಂತೆ ನಡೆಯುತ್ತಿದ್ದ. ಆದರೂ ಗುಳಿಯ ಆಸೆ ಬತ್ತಿರಲಿಲ್ಲ.

"ಪಾಸ್ ಆದ್ನಿಲ್ಲೋ ಗುರವ್ವಾ?"

"ನಾಲ್ಕೂ ಮಂದಿ ಇದ್ದಲ್ಲೆ ಹೇಳತೇನಿ, ನಡೀರಿ."

ಮಹಾಂತಪ್ಪನ ಮನೆಯಲ್ಲಿ ಮಡಿವಾಳೆಪ್ಪ ಲೋಡಿಗೆ ಒರಗಿ ಚನ್ನವ್ವನೊಡನೆ ಚೌಕಾಬಾರ ಆಡುತ್ತಿದ್ದ. ಚನ್ನವ್ವ ಬಿದ್ದು ಬಿದ್ದು ನಗುತ್ತಿದ್ದಳು. ಅವಳಿಗೆ ಹಾಗೆ ನಗಲು ಬರುತ್ತದೆಂಬುದೇ ಮಹಾಂತಪ್ಪನಿಗೆ ಗೊತ್ತಿರಲಿಲ್ಲ.

"ಇಂವನ್ನ ಹೂಡಲಿಲ್ಲೇನ ನೀ?" ಎಂದು ಹೆಂಡತಿಯನ್ನು ಕೇಳಿದ.

"ಮನಸಿಗೆ ಬಂದ ಎತ್ತನ್ನ ಏನ ಹೂಡಿ ನೋಡೂದ್ರಿ?"

ಗುರವ್ವ ತೀರ್ಪು ಹೇಳಿದಳು: "ನನಗ ಸರ ಬ್ಯಾಡವ್ವಾ. ಎರಡ ಕೊಡಕ್ಕ ಒಮ್ಮೆ ಕುಂಡರತಾರು, ಕುಂತ್ರ ಅಣು ಗಿಣು ಅಂತಾರು."

ಮಹಾಂತಪ್ಪನಿಗೆ ಅವಮಾನಕ್ಕಿಂತ ಸಮಾಧಾನವೇ ಹೆಚ್ಚಾಯಿತು. "ಮುಗೀತಲ್ಲ! ಏಳೋ ಮಡಿವಾಳೆಪ್ಪಾ, ಮನಿಗಿ ನಡಿ."

"ಅವರ್ನ ಯಾಕ ಎಬ್ಬಸ್ತೀರಿ?" ಎಂದಳು ಗುರವ್ವ. "ಇಲ್ಲೆ ಅವರಿಗೆ ಹೊಂದಿದ್ರ ಐತವಾರಕ್ಕೊಮ್ಮೆ ಬರಲಿ, ನಂದೇನ ತಕರಾರಿಲ್ಲ. ಸರ ನನಗ ಗಂಡಸ ಅಂತ ಬ್ಯಾಡ, ಆಳ ಅಂತ ಬೇಕು. ಐತವಾರಕ್ಕೊಮ್ಮೆ ನೀರಿಗೆ ಕಳಿಸು ಚನ್ನವ್ವಾ."

"ನನ್ನ ಒಪ್ಪಿಗಿ ಐತಿ," ಎಂದಳು ಚನ್ನವ್ವ.

"ನಂದೂ," ಎಂದ ಮಡಿವಾಳೆಪ್ಪ.

"ನನ್ನ ಒಪ್ಪಿಗಿ ಯಾರು ಕೇಳವ್ರು?" ಮಹಾಂತಪ್ಪ ಕೂಗಿದ.

ಚನ್ನವ್ವ ಕವಡೆ ಎಸೆಯುತ್ತ ತಲೆಯೆತ್ತದೆ ಹೇಳಿದಳು: "ನಿಮ್ಮದು ಮುಂಜಾನೆನ ಬಂದೈತಲ್ರಿ."