ಬೇಕುಬೇಡ ಚೀಲ

"ಅಯ್ಯೋ, ಅದು ನನ್ನ ಯೂನಿಫಾರ್ಮ್ ಪ್ಯಾಂಟು ಕಣೇ!"

"ಪ್ಯಾಂಟಾಗಿತ್ತು. ಈಗ ಚೀಲ. ಸುಮ್ನೆ ಕೂತ್ಕೊಳ್ರೀ, ಪ್ರದರ್ಶನ ಶುರುವಾಗುತ್ತೆ."

ರೇಣುಕಾರಾಧ್ಯರು ಸುಮ್ಮನೆ ಕೂತರು. ಅವರ ಹೆಂಡತಿ ಸರ್ವಮಂಗಳಾ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ವಿದ್ಯಾರ್ಥಿಗಳನ್ನು ನಡುಗಿಸಿ ನಿವೃತ್ತರಾದವರು. ಆಕೆ 'ಪ್ರದರ್ಶನ' ಎಂದರೆ ತುಮಕೂರಿನ ಎಸ್.ಎಸ್. ಪುರಂನ ಆ ಬೀದಿಯಲ್ಲಿ ಕಡಿಮೆಯೆಂದರೂ ಎರಡು ಮನೆಯ ಫ್ಯೂಸು ಹಾರುತ್ತಿತ್ತು. ಹೋದ ಸಲ ರೊಟ್ಟಿಯನ್ನು ತಾನಾಗಿ ತಿರುವಿ ಹಾಕುವ ಯಂತ್ರ ಮಾಡಿದ್ದರು. ಅವತ್ತಿನ ರೊಟ್ಟಿಗಳನ್ನೆಲ್ಲ ಪಕ್ಕದ ಮನೆಯ ಆಟೋ ಡ್ರೈವರ್ ಇಮ್ತಿಯಾಜ್ ತನ್ನ ತಾರಸಿಯ ಮೇಲಿಂದ ಆರಿಸಿ ತಂದು ಕೊಟ್ಟಿದ್ದ. ಇವತ್ತು ಅವನನ್ನೂ ನೋಡಲು ಕರೆದಿದ್ದರು. ಬಂದವನು ಬಾಗಿಲಿಗೆ ಹತ್ತಿರದ ಕುರ್ಚಿ ನೋಡಿ ಕೂತಿದ್ದ.

ಊಟದ ಮೇಜಿನ ಮೇಲೆ ಚೀಲ ನಿಂತಿತ್ತು. ಹಿಡಿಕೆಗೆ ತಾಮ್ರದ ತಂತಿ ಸುತ್ತಿತ್ತು. ತಳದಲ್ಲಿ ದೋಸೆಯಗಲದ ಸುರುಳಿ, ಪಕ್ಕದ ಜೇಬಿನಲ್ಲಿ ಬ್ಯಾಟರಿ.

"ಇದು ಬೇಕುಬೇಡ ಚೀಲ!" ಎಂದರು ಸರ್ವಮಂಗಳಾ, ಮುಂದೆ ನಲವತ್ತು ವಿದ್ಯಾರ್ಥಿಗಳು ನಿಂತಿದ್ದಾರೇನೋ ಎನ್ನುವ ಗತ್ತಿನಲ್ಲಿ. "ಹಿಡಿಕೆ ಹಿಡಿದೋರ ನಾಡಿ ನೋಡುತ್ತೆ. ಒಳಗಿರೋ ಸಾಮಾನು ಅವರಿಗೆ ನಿಜವಾಗ್ಲೂ ಬೇಕಾದ್ದಾದ್ರೆ ಹತ್ತಿಯಷ್ಟು ಹಗುರ. ಬೇಡದ್ದಾದ್ರೆ, ಎಷ್ಟು ಬೇಡವೋ ಅಷ್ಟು ಭಾರ! ಗುರುತ್ವಾಕರ್ಷಣೆಗೆ ಒಂಚೂರು ವ್ಯವಹಾರಜ್ಞಾನ ಹೇಳಿಕೊಟ್ಟಿದ್ದೀನಿ, ಅಷ್ಟೇ. ಕೈ ಬಿಟ್ಟರೂ ಕೊನೆಯಲ್ಲಿ ಹಿಡಿದೋರ ಮನಸ್ಸನ್ನ ನೆನಪಿಟ್ಟುಕೊಂಡಿರುತ್ತೆ."

ಐದು ಕಿಲೋ ತೊಗರಿಬೇಳೆ ಹಾಕಿ ಕಿರುಬೆರಳಲ್ಲಿ ಎತ್ತಿ ತೋರಿಸಿದರು. ಇಮ್ತಿಯಾಜ್ ಚಪ್ಪಾಳೆ ತಟ್ಟಿದ. ಆಮೇಲೆ ಬೇಳೆ ತೆಗೆದು, ರೇಣುಕಾರಾಧ್ಯರು ಹೋದ ವಾರ ಕೊಂಡುತಂದಿದ್ದ ಬೆನ್ನು ತುರಿಸುವ ಕೋಲನ್ನು ಕೈಗೆತ್ತಿಕೊಂಡರು. ಅದರ ತುದಿಯಲ್ಲಿ ಟಾರ್ಚ್ ಇತ್ತು.

"ಬೆನ್ನಿಗೆ ಬೆಳಕು ಯಾಕ್ರೀ?"

"ಕರೆಂಟು ಹೋದಾಗ ತುರಿಕೆ ಬಂದ್ರೆ?"

ಸರ್ವಮಂಗಳಾ ಕೋಲನ್ನು ಚೀಲಕ್ಕಿಳಿಸಿ ಹಿಡಿಕೆ ಹಿಡಿದರು. ಮೇಜು ಒಮ್ಮೆ ನರಳಿತು. ಮರುಕ್ಷಣ ಅದರ ಒಂದು ಕಾಲು ಲಟಕ್ಕೆಂದು ಮುರಿದು, ಚೀಲ ನೆಲಕ್ಕೆ ಬಿದ್ದ ಸದ್ದಿಗೆ ಎದುರುಮನೆಯ ನಾಯಿ ಬೊಗಳತೊಡಗಿತು.

"ಯಶಸ್ವಿ!" ಎಂದರು ಸರ್ವಮಂಗಳಾ. "ಇನ್ಮೇಲೆ ಈ ಚೀಲ ಇಲ್ದೆ ನೀವು ಪೇಟೆಗೆ ಹೋಗೋ ಹಾಗಿಲ್ಲ."

ರೇಣುಕಾರಾಧ್ಯರಿಗೆ ಕೊಳ್ಳುವ ಚಪಲ ಮೊದಲಿನಿಂದ ಇದ್ದದ್ದಲ್ಲ. ಬಸ್ ನಿಲ್ದಾಣದಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದಷ್ಟು ಕಾಲ ಅವರಿಗೆ ಪುರುಸೊತ್ತೇ ಇರಲಿಲ್ಲ. "ಸಾರ್, ತಿಪಟೂರು ಬಸ್ಸು ಎಷ್ಟೊತ್ತಿಗೆ? ಸಾರ್, ಮಧುಗಿರಿದು ಯಾವ ಕಡೆ ನಿಲ್ಲುತ್ತೆ?" ಎಂದು ದಿನಕ್ಕೆ ಸಾವಿರ ಜನ ಕೇಳುತ್ತಿದ್ದರು. ನಿವೃತ್ತಿಯಾದ ಮರುದಿನದಿಂದ ಅವರನ್ನು ಯಾರೂ ಏನೂ ಕೇಳಲಿಲ್ಲ. ಮನೆಯಲ್ಲಿ ಸೋಫಾದಲ್ಲಿ ಕೂತರೆ ಗುಡಿಸಬೇಕು ಏಳಿ, ಅಡುಗೆಮನೆಗೆ ಹೋದರೆ ಕಾಲಿಗೆ ಅಡ್ಡ ಬರಬೇಡಿ! ಅಂಗಡಿಗಳಲ್ಲಿ ಮಾತ್ರ "ಬನ್ನಿ ಸಾರ್, ನೀವೇ ಹೇಳಿ ಸಾರ್" ಎನ್ನುತ್ತಿದ್ದರು. ಹಾಗಾಗಿ ಅವರು ದಿನವೂ ಅಂಗಡಿಗೆ ಹೋಗುತ್ತಿದ್ದರು. ಹೋದಮೇಲೆ ಬರಿಗೈಲಿ ಬರುವುದು ಮರ್ಯಾದೆಯಲ್ಲವಲ್ಲ!

ಅವತ್ತು ಅವರನ್ನು ಕಳಿಸಿದ್ದು ಈರುಳ್ಳಿ, ಕೊತ್ತಂಬರಿ ಸೊಪ್ಪಿಗೆ. ಇಮ್ತಿಯಾಜನ ಆಟೋದಲ್ಲೇ ಹೋದರು. ಮೂರು ಕಿಲೋ ಈರುಳ್ಳಿ ಚೀಲದಲ್ಲಿದ್ದರೂ ಗಾಳಿಪಟ ಹಿಡಿದಂತಿತ್ತು. ವಾಪಸು ಬರುವಾಗ ದಾರಿಯಲ್ಲೊಂದು ಕಲ್ಯಾಣ ಮಂಟಪ, ಅದರ ಮುಂದೊಂದು ಬ್ಯಾನರು: 'ಗೃಹೋಪಯೋಗಿ ವಸ್ತುಗಳ ಭಾರಿ ಮಾರಾಟ! ಇಂದೇ ಕಡೇ ದಿನ!' ಹನ್ನೊಂದು ದಿನದಿಂದ ಅದೇ ಬ್ಯಾನರು ಅಲ್ಲೇ ಇತ್ತು.

"ಎರಡೇ ನಿಮಿಷ, ಇಮ್ತಿಯಾಜ್. ಬರೀ ನೋಡ್ಕೊಂಡು ಬರ್ತೀನಿ."

"ಸಾರ್, ಮೇಡಂ ಹೇಳಿದ್ದು ಮರೆತ್ರಾ?"

ರೇಣುಕಾರಾಧ್ಯರು ಆಗಲೇ ಒಳಗಿದ್ದರು. ಟೈ ಕಟ್ಟಿಕೊಂಡ ಮಾರಾಟಗಾರನೊಬ್ಬ ಕೆನ್ನೆಗೆ ಮೈಕು ಸಿಕ್ಕಿಸಿಕೊಂಡು, ಒಂಬತ್ತು ಬ್ಲೇಡಿನ ತರಕಾರಿ ಕತ್ತರಿಸುವ ಯಂತ್ರದಲ್ಲಿ ಕ್ಯಾರೆಟ್ಟನ್ನು ಗುಲಾಬಿ ಹೂವು ಮಾಡುತ್ತಿದ್ದ.

"ಬನ್ನಿ ಸಾರ್! ನಿಮ್ಮಂಥ ತಿಳಿದೋರು ಹೇಳ್ಬೇಕು. ಹೇಗಿದೆ ಸಾರ್?"

ರೇಣುಕಾರಾಧ್ಯರು ಕ್ಯಾರೆಟ್ ಗುಲಾಬಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗಿದೆ. ಒಂದು ಕೊಡಪ್ಪ."

"ಒಂದಕ್ಕೆ ಒಂದು ಉಚಿತ, ಸಾರ್!"

ಹಣ ಕೊಟ್ಟರು. ಮಾರಾಟಗಾರ ಮೊದಲ ಡಬ್ಬಿಯನ್ನು ಚೀಲಕ್ಕೆ ಹಾಕಿದ. ಹಿಡಿಕೆ ಹಿಡಿದಿದ್ದ ರೇಣುಕಾರಾಧ್ಯರು ಚೀಲದ ಜೊತೆಗೇ ಬಗ್ಗಿಹೋದರು. ಉಚಿತದ ಡಬ್ಬಿಯನ್ನೂ ಹಾಕಿದ. ಚೀಲದಡಿಯ ಟೈಲ್ಸು ಚಟ್ ಎಂದು ಸೀಳಿತು. ಎಷ್ಟು ಎಳೆದರೂ ಚೀಲ ಅಲುಗಾಡಲಿಲ್ಲ. ಸುತ್ತ ಜನ ಸೇರಿದರು.

"ಏನ್ ಸಾರ್, ಒಂದು ಚೀಲ ಎತ್ತಕ್ಕಾಗಲ್ವಾ? ಕೊಡಿ ಇಲ್ಲಿ!" ಎಂದು ಮಾರಾಟಗಾರ ನಗುತ್ತ ತೋಳು ಮಡಚಿ ಹಿಡಿಕೆಗೆ ಕೈ ಹಾಕಿದ.

ಅವನ ಕೈ ತಾಗಿದ್ದೇ ತಡ, ಚೀಲ ಇನ್ನೂ ಅರ್ಧ ಅಡಿ ನೆಲದೊಳಕ್ಕೆ ಇಳಿಯಿತು!

ರೇಣುಕಾರಾಧ್ಯರು ಬಹಳ ಪ್ರಾಮಾಣಿಕ ಮನುಷ್ಯ. ಜನ ಕೇಳಿದರು, ಅವರು ಚೀಲದ ಗುಟ್ಟನ್ನು ಇದ್ದದ್ದು ಇದ್ದಹಾಗೆ ಹೇಳಿಬಿಟ್ಟರು. ಎಷ್ಟೋ ದಿನಗಳ ಮೇಲೆ ಇಷ್ಟೊಂದು ಜನ ಒಟ್ಟಿಗೆ ತಮ್ಮನ್ನೇ ಕೇಳುತ್ತಿದ್ದಾರೆಂಬ ಹುರುಪಿನಲ್ಲಿ ಸ್ವಲ್ಪ ಜೋರಾಗಿಯೇ ಹೇಳಿದರು.

"ಅಂದ್ರೆ ಮಾರೋನಿಗೇ ಇದು ಬೇಡ್ವಂತೆ!" ಎಂದು ಒಬ್ಬಾಕೆ ಕೂಗಿದಳು. ಹಿಂದೆ ಸಾಲುಗಟ್ಟಿ ನಿಂತಿದ್ದವರು ಕೈಲಿದ್ದ ಡಬ್ಬಿಗಳನ್ನು ಅಲ್ಲೇ ಇಟ್ಟು ಬಾಗಿಲ ಕಡೆ ನಡೆದರು.

"ರೀ ಸ್ವಾಮಿ, ವ್ಯಾಪಾರ ಕೆಡಿಸ್ತೀರಾ? ಎತ್ಕೊಂಡು ಹೋಗ್ರೀ ಮೊದ್ಲು ಇದನ್ನ!" ಎಂದು ಮಾರಾಟಗಾರ ಮೈಕಿನಲ್ಲೇ ಅರಚಿದ.

ಗಲಾಟೆ ಕೇಳಿ ಇಮ್ತಿಯಾಜ್ ಒಳಗೆ ಬಂದ. ಚೀಲದೊಳಗೆ ಇಣುಕಿ ನೋಡಿ ಅವನ ಮುಖ ಅರಳಿತು. "ಇದಾ ಸಾರ್? ನಮ್ಮನೆಯವಳು ಬಿರಿಯಾನಿ ಆರ್ಡರ್ ತಗೊಂಡಾಗೆಲ್ಲ ಹತ್ತು ಕಿಲೋ ಈರುಳ್ಳಿ ಹೆಚ್ತಾಳೆ. ವರ್ಷದಿಂದ ಕೇಳ್ತಾನೇ ಇದ್ದಾಳೆ!" ಎನ್ನುತ್ತ ಹಿಡಿಕೆ ಹಿಡಿದು ಎತ್ತಿದ. ಹೂವಿನ ಬುಟ್ಟಿಯಂತೆ ಬಂತು. ಎರಡನ್ನೂ ಅವನಿಗೇ ಕೊಟ್ಟುಬಿಡುವುದೆಂದು ಇಬ್ಬರೂ ಅಲ್ಲೇ ಮಾತಾಡಿಕೊಂಡರು.

ಆಟೋ ಬಿ.ಎಚ್. ರಸ್ತೆಗೆ ಬಂದಾಗ ಹಿಂದೆ ಕೂತಿದ್ದ ರೇಣುಕಾರಾಧ್ಯರು, ಚೀಲ ಜಾರೀತೆಂದು ಅಭ್ಯಾಸಬಲದಿಂದ ಹಿಡಿಕೆ ಹಿಡಿದುಕೊಂಡರು. ಆಟೋದ ಹಿಂಭಾಗ ರಸ್ತೆಗೆ ಕೂತು ಮುಂದಿನ ಚಕ್ರ ಆಕಾಶಕ್ಕೆದ್ದಿತು!

"ಸಾರ್! ನಂಗೆ ರಸ್ತೆ ಕಾಣ್ತಿಲ್ಲ, ಬರೀ ಮೋಡ ಕಾಣ್ತಿದೆ! ಕೈ ಬಿಡಿ ಸಾರ್!"

"ಬಿಟ್ರೂ ಅದು ನನ್ನ ಮನಸ್ಸನ್ನೇ ನೆನಪಿಟ್ಕೊಂಡಿರುತ್ತಪ್ಪಾ! ನೀನು ಹಿಡ್ಕೋ! ಬಿರಿಯಾನಿ ನೆನೆಸ್ಕೋ!"

ಇಮ್ತಿಯಾಜ್ ಒಂದು ಕೈ ಹಿಂದಕ್ಕೆ ಚಾಚಿ ಹಿಡಿಕೆ ಹಿಡಿದ. ಚಕ್ರ ಕೆಳಗಿಳಿಯಿತು. ಗೇರು ಬದಲಿಸಲು ಕೈ ತೆಗೆದ. ಜಾರುತ್ತಿದ್ದ ಚೀಲವನ್ನು ಇವರು ಹಿಡಿದರು. ಚಕ್ರ ಮತ್ತೆ ಮೇಲೆ! ಹೀಗೆ ಏಳುತ್ತ ಬೀಳುತ್ತ ಆಟೋ ಕಪ್ಪೆಯಂತೆ ಕುಪ್ಪಳಿಸಿಕೊಂಡು ಎಸ್.ಎಸ್. ಪುರಂ ಸೇರುವ ಹೊತ್ತಿಗೆ ಚೀಲದಿಂದ ಸುಟ್ಟ ವಾಸನೆ ಬರುತ್ತಿತ್ತು. ಇಮ್ತಿಯಾಜ್ ತನ್ನ ಎರಡು ಡಬ್ಬಿ ತೆಗೆದುಕೊಂಡು, ಹಿಂದೆ ತಿರುಗಿಯೂ ನೋಡದೆ ಮನೆಯೊಳಕ್ಕೆ ಹೋದ.

"ಸುರುಳಿ ಸುಟ್ಟಿದೆ!" ಎಂದು ಸರ್ವಮಂಗಳಾ ಚೀಲ ಕಸಿದುಕೊಂಡರು. "ಒಂದ್ಸಲ ಬೇಕು, ಒಂದ್ಸಲ ಬೇಡ ಅಂತ ಹೇಳಿ ಹೇಳಿ ಪಾಪ ಅದಕ್ಕೆ ತಲೆ ಕೆಡಿಸಿದ್ದೀರಿ!"

ಅವರ ಕೈ ಹಿಡಿಕೆಯ ಮೇಲೆ ಬಿದ್ದ ಕೂಡಲೇ ಗುಂಯ್ ಎಂಬ ಸದ್ದು ಹಜಾರವನ್ನೆಲ್ಲ ತುಂಬಿತು. ಮನೆಯ ಕರೆಂಟು ಹೋಯಿತು. ಚೀಲದೊಳಗೆ ಇರಬೇಕಾದ ಶಕ್ತಿ ಹೊರಗೆ ಸೋರಿ ಮನೆ ತುಂಬ ಹರಡಿಬಿಟ್ಟಿತ್ತು!

ಮೊದಲು ಗೋಡೆಯ ಹಲಗೆ ಕಿತ್ತು ರೇಣುಕಾರಾಧ್ಯರ ಏಳು ಟಾರ್ಚುಗಳು ದಬದಬ ನೆಲಕ್ಕೆ ಬಿದ್ದವು. ಪಾದ ಒತ್ತುವ ಯಂತ್ರ ನೆಲ ಕೊರೆದುಕೊಂಡು ಮೊಳದಷ್ಟು ಕೆಳಗೆ ಹೋಯಿತು. ಹೊಟ್ಟೆ ಕರಗಿಸುವ ಬೆಲ್ಟು ಸೋಫಾವನ್ನು ಎರಡು ತುಂಡು ಮಾಡಿತು. ಅಡುಗೆಮನೆಯಿಂದ ಕುಕ್ಕರು ತೇಲಿ ಬಂತು. ಅದರ ಹಿಂದೆ ಸಾಂಬಾರ ಡಬ್ಬಿ, ಸೌಟು, ಸರ್ವಮಂಗಳಾ ಅವರ ಬಿ.ಪಿ. ಮಾತ್ರೆ. ಗ್ಯಾಸ್ ಸಿಲಿಂಡರು ಬಾಗಿಲ ಚೌಕಟ್ಟಿಗೆ ಢಣ್ಣೆಂದು ತಲೆ ಕುಟ್ಟಿಕೊಂಡು ನಿಂತಿತು.

"ನೋಡ್ರೀ! ನಂಗೆ ಬೇಕಾದ್ದೆಲ್ಲ ಮೇಲೆ, ಬೇಡದ್ದೆಲ್ಲ ಕೆಳಗೆ! ಎಷ್ಟು ಕರಾರುವಾಕ್ಕು!" ಆ ಗದ್ದಲದಲ್ಲೂ ಸರ್ವಮಂಗಳಾ ಹಿಗ್ಗಿದರು.

ರೇಣುಕಾರಾಧ್ಯರಿಗೆ ಥಟ್ಟನೆ ಹೊಳೆಯಿತು. ಹಜಾರದಲ್ಲಿ ತಾವೂ ಇದ್ದೇವಲ್ಲ! ಕಣ್ಣೆದುರಿಗೆ ಪಾದ ಒತ್ತುವ ಯಂತ್ರ ತೋಡಿದ ಗುಂಡಿ ಇತ್ತು. ನಿವೃತ್ತಿಯಾದ ಈ ಮೂರು ವರ್ಷದಲ್ಲಿ, ಸೊಪ್ಪು ಈರುಳ್ಳಿ ತರಿಸಿದ್ದು ಬಿಟ್ಟರೆ, ಹೆಂಡತಿ ತಮ್ಮನ್ನು ಏನಾದರೂ ಬೇಕೆಂದು ಕೂಗಿದ್ದುಂಟೇ ಎಂದು ಯೋಚಿಸಿದರು. ಒಂದೂ ನೆನಪಾಗಲಿಲ್ಲ. ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

"ನಿಲ್ಸು ಮಂಗಳಾ! ನಾನು ಹೊರಗೆ ಹೋಗಿರ್ತೀನಿ. ನನ್ನ ತೂಕ ನೋಡೋದು ಬೇಡ!"

"ಏನ್ರೀ ಹಾಗಂದ್ರೆ?"

ರೇಣುಕಾರಾಧ್ಯರು ಸರಳನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡರು. ಕಣ್ಣು ಮುಚ್ಚಿ ಕಾದರು. ಮೈ ಕೆಳಕ್ಕೆ ಜಗ್ಗಲಿಲ್ಲ. ಮೆಲ್ಲನೆ ಕಣ್ಣು ಬಿಟ್ಟು ಕೆಳಗೆ ನೋಡಿದರು. ಚಪ್ಪಲಿ ನೆಲದ ಮೇಲಿತ್ತು. ಕಾಲು ಅದರಲ್ಲಿರಲಿಲ್ಲ!

ಹಿಡಿತ ತಪ್ಪಿತು. ಅರವತ್ಮೂರು ವರ್ಷದ, ಎಂಬತ್ತು ಕಿಲೋ ತೂಕದ ರೇಣುಕಾರಾಧ್ಯರು ಕುಕ್ಕರನ್ನೂ ಸಿಲಿಂಡರನ್ನೂ ದಾಟಿ, ಸಾಂಬಾರ ಡಬ್ಬಿಯನ್ನು ಭುಜದಿಂದ ತಳ್ಳಿ, ಸೀದಾ ಸೂರಿಗೆ ಹೋಗಿ ತಲೆ ಬಡಿಸಿಕೊಂಡರು. ಆ ಮನೆಯಲ್ಲಿ ಅಷ್ಟು ಮೇಲಕ್ಕೆ ಬೇರೆ ಯಾವ ವಸ್ತುವೂ ಹೋಗಿರಲಿಲ್ಲ.

ಸರ್ವಮಂಗಳಾ ಅವರ ಮುಖ ಕೆಂಪಾಯಿತು. "ಅಷ್ಟು ಮೇಲೆ ಯಾಕ್ರೀ ಹೋದ್ರಿ? ಬಾಗಿಲು ತೆರೆದಿದೆ, ಯಾರಾದ್ರೂ ನೋಡಿದ್ರೆ?"

"ನಾನೆಲ್ಲಿ ಹೋದೆ? ನೀನು ಕಳಿಸಿದ್ದು! ಬ್ಯಾಟರಿ ಕೀಳು!"

"ಕಿತ್ರೆ ಧೊಪ್ಪಂತ ಬೀಳ್ತೀರಿ, ಸೊಂಟ ಮುರಿಯುತ್ತೆ! ಇರಿ, ನಿಧಾನಕ್ಕೆ ಇಳಿಸ್ತೀನಿ. ನೀವು ನಂಗೆ ಸ್ವಲ್ಪ ಬೇಡವಾಗ್ಬೇಕು, ಅಷ್ಟೇ." ಅವರು ಕಣ್ಣು ಮುಚ್ಚಿಕೊಂಡರು. "ನಿಮ್ಮ ಗೊರಕೆ ನೆನೆಸ್ಕೊಳ್ತಿದ್ದೀನಿ."

ರೇಣುಕಾರಾಧ್ಯರು ಒಂದಡಿ ಇಳಿದರು.

"ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕ್ತೀರಿ!" ಇನ್ನೊಂದಡಿ. "ಲೈಟು ಆರಿಸಲ್ಲ! ನಮ್ಮಣ್ಣ ಬಂದಾಗ ಪೇಪರ್ ಹಿಂದೆ ಮುಖ ಮುಚ್ಕೋತೀರಿ!"

"ನಿಮ್ಮಣ್ಣ ಮಾತಾಡೋದು ನಿಲ್ಸಿದ್ರೆ ತಾನೇ ನಾನು ಮುಖ ತೋರಿಸೋದು!" ಎಂದು ರೇಣುಕಾರಾಧ್ಯರೂ ದನಿ ಏರಿಸಿದರು. ಸರಸರನೆ ಎರಡಡಿ ಇಳಿದರು. ಅಷ್ಟರಲ್ಲಿ ಸರ್ವಮಂಗಳಾ ಕಣ್ಣು ಬಿಟ್ಟು, ಗಾಳಿಯಲ್ಲಿ ಕೈಕಾಲು ಬಡಿಯುತ್ತಿದ್ದ ಗಂಡನನ್ನು ನೋಡಿ ಕಿಸಕ್ಕನೆ ನಕ್ಕುಬಿಟ್ಟರು. ರೇಣುಕಾರಾಧ್ಯರು ಮತ್ತೆ ಸೂರು ಸೇರಿದರು!

"ನಗಬೇಡ ಕಣೇ! ಬೈಯಿ!"

"ಅಲ್ರೀ, ಮನೆ ತುಂಬ ಈ ಹಾಳುಮೂಳೆಲ್ಲ ಯಾಕೆ ತರ್ತೀರಿ? ಅದನ್ನ ಹೇಳಿ, ಸಿಟ್ಟು ಬರ್ಲಿ."

ರೇಣುಕಾರಾಧ್ಯರು ಸೂರಿನ ಕಡೆ ಮುಖ ತಿರುಗಿಸಿದರು. "ಅಂಗಡಿಯೋರು ನನ್ನನ್ನ ಕೇಳ್ತಾರೆ, ಮಂಗಳಾ. ಸಾರ್, ಇದು ಹೇಗಿದೆ, ಅದು ಹೇಗಿದೆ ಅಂತ. ಬೇರೆ ಯಾರೂ ಏನೂ ಕೇಳಲ್ಲ."

ಸರ್ವಮಂಗಳಾ ಸಿಟ್ಟಾಗಲಿಲ್ಲ. ರೇಣುಕಾರಾಧ್ಯರ ಬೆನ್ನು ಸೂರಿಗೆ ಅಂಟಿತು, ಸುಣ್ಣ ಉದುರಿತು.

"ಅಯ್ಯೋ, ಕೆಲಸ ಕೆಟ್ಟಿತು!" ಎಂದರು ಅವರು, ಉಸಿರು ಸಿಗದೆ. ಇನ್ನು ಉಳಿದಿದ್ದು ಒಂದೇ ದಾರಿ. "ಮಂಗಳಾ, ಇನ್ನೊಂದು ವಿಷಯ. ಇಮ್ತಿಯಾಜನ ಶೆಡ್ಡಿನಲ್ಲಿ ಒಂದು ಮಸಾಜ್ ಕುರ್ಚಿ ಇದೆ."

"ಯಾರದು?"

"ನಮ್ದು."

"ಮಸಾಜ್ ಕುರ್ಚಿ!"

"ಯುಗಾದಿ ಆಫರ್ ಇತ್ತು."

ಅವರು ಲಿಫ್ಟಿನಂತೆ ಇಳಿದರು. ನೆಲ ಇನ್ನೊಂದು ಗೇಣಿರುವಾಗ ಸರ್ವಮಂಗಳಾ ಹಲ್ಲು ಕಚ್ಚಿಕೊಂಡು ಬ್ಯಾಟರಿ ಕಿತ್ತರು. ರೇಣುಕಾರಾಧ್ಯರು ಚಪ್ಪಲಿಯ ಪಕ್ಕದಲ್ಲೇ ಕುಕ್ಕರಿಸಿದರು. ಸಿಲಿಂಡರು ಮಡಚಿಟ್ಟಿದ್ದ ಹಾಸಿಗೆಯ ಮೇಲೆ ಬಿತ್ತು. ಸಾಂಬಾರ ಡಬ್ಬಿ ಮಾತ್ರ ಬಾಯಿ ಬಿಟ್ಟುಕೊಂಡು, ಮನೆಯೆಲ್ಲ ಸಾಸಿವೆ, ಜೀರಿಗೆ, ಖಾರದಪುಡಿ. ಇಬ್ಬರೂ ಬಹಳ ಹೊತ್ತು ಸೀನಿದರು.

ಸೀನು ನಿಂತ ಮೇಲೆ ಸರ್ವಮಂಗಳಾ ಚೀಲದ ಸುರುಳಿ ಬಿಚ್ಚಿ ಹಳೆ ಸಾಮಾನಿನ ಪೆಟ್ಟಿಗೆಗೆ ಎಸೆದರು. ಸಿಲಿಂಡರು ಮತ್ತೆ ಜೋಡಿಸಿ ಕಾಫಿಗೆ ನೀರಿಟ್ಟು, ಅಡುಗೆಮನೆಯಿಂದಲೇ ಕೂಗಿದರು: "ರೀ, ಇಲ್ಲಿ ಬನ್ನಿ! ಇವತ್ತು ಹುಳಿಗೆ ಏನು ಹಾಕ್ಲಿ, ಹೇಳಿ!"

ರೇಣುಕಾರಾಧ್ಯರು ಕಾಲಿಗೆ ಅಡ್ಡವಾಗುವಷ್ಟು ಹತ್ತಿರ ಹೋಗಿ ನಿಂತರು.

ಮಸಾಜ್ ಕುರ್ಚಿಯನ್ನು ಮಾರನೆಯ ದಿನ ಮನೆಗೆ ತರಿಸಲಾಯಿತು. ಅಂಗಡಿಗೆ ಹಿಂತಿರುಗಿಸುವ ಮೊದಲು ಹೇಗಿದೆಯೋ ನೋಡೋಣವೆಂದು ಸರ್ವಮಂಗಳಾ ಅದರಲ್ಲಿ ಕೂತವರು ಮತ್ತೆ ಏಳಲಿಲ್ಲ. ಕುರ್ಚಿ ಹೊತ್ತು ತಂದ ಇಮ್ತಿಯಾಜ್ ಗೇಟಿನ ಬಳಿ ದನಿ ತಗ್ಗಿಸಿ ಕೇಳಿದ, "ಸಾರ್, ನಿನ್ನೆ ನಮ್ಮನೆವರೆಗೂ ಕೇಳಿಸ್ತಿತ್ತು. ಈ ವಯಸ್ಸಿನಲ್ಲಿ ಮೇಡಂ ಜೊತೆ ಅಷ್ಟೊಂದು ಜಗಳ ಆಡ್ಬೇಕಾಗಿತ್ತಾ?"

"ಆಡಲೇಬೇಕಾಗಿತ್ತಪ್ಪಾ," ಎಂದರು ರೇಣುಕಾರಾಧ್ಯರು. "ಆಡ್ದೇ ಇದ್ದಿದ್ರೆ ನಾನಿನ್ನೂ ಸೂರಲ್ಲೇ ಇರ್ತಿದ್ದೆ."