ಗಡಿಯಾರದ ಸಿಂಫನಿ, ಗುಡುಗಿನ ಸಿಂಫನಿ

ನಮ್ಮ ಮುತ್ತಾತ ಗೋಪುರದ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವರು. ನೂರಾ ಹನ್ನೆರಡು ಮೆಟ್ಟಿಲು, ದಿನಕ್ಕೆರಡು ಸಲ, ಯಾರ ಕೈಯನ್ನೂ ಹಿಡಿಯದೆ. ನಮ್ಮಪ್ಪ ಗೋಡೆಯಾಚೆ ನಿಂತು ಟಿಕ್ ಟಿಕ್ ಕೇಳಿಯೇ ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಿದ್ದರು. (ಗಡಿಯಾರದ ಹಲ್ಲು. ತಮ್ಮವು ಉದುರಿದ್ದನ್ನು ಅಮ್ಮ ಹೇಳಬೇಕಾಯಿತು.) ಅಂಥ ಕಾಲಜ್ಞಾನಿಗಳ ಕುಡಿ ನಾನು. ಗಡಿಯಾರ ರಿಪೇರಿಯನ್ನೂ ಸಂಗೀತವನ್ನೂ ನಾನಾಗಿಯೇ ಕಲಿತೆ.

ಸಂಗೀತ ನಮ್ಮ ಮನೆಗೆ ಬಂದದ್ದು ಮದುವೆಯಾದ ವರ್ಷ. ಊರು ಬಿಡಲಿದ್ದ ಸಂಗೀತದ ಮೇಷ್ಟ್ರೊಬ್ಬರು ತಮ್ಮ ರೆಕಾರ್ಡ್ ಪ್ಲೇಯರನ್ನೂ ಎರಡು ರೆಕಾರ್ಡುಗಳನ್ನೂ ನಮಗೆ ಕೊಟ್ಟರು. ಹೈಡನ್ ಎಂಬ ಪಾಶ್ಚಾತ್ಯ ಮಹಾನುಭಾವ ತಲೆ ನೆರೆತ ಮೇಲೆ ದೊಡ್ಡ ವಾದ್ಯಗೋಷ್ಠಿಗೆಂದು ಕಟ್ಟಿದ ಎರಡು ಸಿಂಫನಿಗಳು. ಒಂದರಲ್ಲಿ ವಾದ್ಯಗಳು ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತವೆ, ಅದು ನನ್ನದು. ಇನ್ನೊಂದು ನಗಾರಿಯ ಗುಡುಗಿನಿಂದ ಶುರುವಾಗುತ್ತದೆ. ಅದು ನನ್ನ ಹೆಂಡತಿಯದು. (ಗುಡುಗಿಗೂ ಅವಳಿಗೂ ಹಳೆಯ ನಂಟು.)

ಮೊದಲ ದಿನವೇ ನಾನು ಪ್ಲೇಯರಿನ ವೇಗದ ತಿರುಪು ತಿರುಗಿಸಿ, ಒಂದೊಂದು ಟಿಕ್ಕೂ ಗೋಡೆ ಗಡಿಯಾರದ ಒಂದೊಂದು ಸೆಕೆಂಡಿಗೆ ಕೂಡುವಂತೆ ಮಾಡಿದ್ದೆ. ಅಂದಿನಿಂದ ಮೂವತ್ತೆಂಟು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ಮನೆ ಮುಂದಿನ ರಿಪೇರಿ ಅಂಗಡಿಯ ಬಾಗಿಲು ಅರ್ಧ ಎಳೆದು ಇಬ್ಬರೂ ಕೂರುತ್ತಿದ್ದೆವು. ಅವಳು ಹಳೆ ಅಲಾರಂಗಳ ಪೆಟ್ಟಿಗೆಯ ಮೇಲೆ ಕಾಲು ಚಾಚುತ್ತಿದ್ದಳು. ಆಗ ಅವಳ ಕೂದಲು ಕಪ್ಪಗಿತ್ತು, ನನ್ನದು ಇತ್ತು. ರೆಕಾರ್ಡು ಮುಗಿದದ್ದೇ ತಡ, ಯಾವುದು ಮೇಲು ಎಂಬ ಜಗಳ.

ಮೊನ್ನೆ ಇದಕ್ಕೊಂದು ಇತ್ಯರ್ಥ ಆಗಲೇಬೇಕೆಂದು ನನಗೆ ಹೊಳೆಯಿತು. ವಾದ್ಯಗೋಷ್ಠಿಯಲ್ಲಿ ಪಿಟೀಲು ನುಡಿಸಿ ನಿವೃತ್ತಳಾದ ನನ್ನ ನಾದಿನಿ ಬಂದಿದ್ದಳು. ಅವಳೇ ನ್ಯಾಯಾಧೀಶೆ. ಸೋತವರು ಬದುಕಿರುವವರೆಗೆ ಭಾನುವಾರದ ಟೀ ಮಾಡಬೇಕು.

ನನ್ನ ರೆಕಾರ್ಡು ಹಾಕಿದೆ. ನಾದಿನಿ ಮುಖ ಕಿವಿಚಿದಳು.

"ಭಾವ, ಪಿಟೀಲಿಗೆಲ್ಲ ನೆಗಡಿ ಆಗಿದೆಯಾ?"

"ಏನಮ್ಮಾ ಹಾಗಂದ್ರೆ? ಗಡಿಯಾರಕ್ಕೆ ತಾಳೆ ಹಾಕಿ ಇಟ್ಟಿದೀನಿ!"

"ಆ ಸಂಗೀತಗಾರ ನಿಮ್ಮ ಗೋಡೆ ಗಡಿಯಾರ ನೋಡ್ಕೊಂಡು ಬರೆದ್ನಾ?" ಎಂದವಳೇ ರೆಕಾರ್ಡಿನ ನಡುವೆ ಒಂದು ಕಾಗದದ ಚೂರು ಅಂಟಿಸಿದಳು. "ಒಂದು ನಿಮಿಷಕ್ಕೆ ಎಷ್ಟು ಸುತ್ತು, ನೀವೇ ಎಣಿಸಿ."

ನನ್ನದೇ ಕೈಗಡಿಯಾರ ಹಿಡಿದು ಎಣಿಸಿದೆ. ಇಪ್ಪತ್ತಾರು. ರೆಕಾರ್ಡಿನ ಮೇಲೆ ಮೂವತ್ತಮೂರು ಎಂದು ಅಚ್ಚಾಗಿತ್ತು. ಮತ್ತೊಮ್ಮೆ ಎಣಿಸಿದೆ. ಕಾಲಜ್ಞಾನಿಗಳ ಕುಡಿಗೆ ಮತ್ತೂ ಇಪ್ಪತ್ತಾರೇ ಬಂತು.

"ನೀವು ಆ ಸಿಂಫನೀನ ಇನ್ನೂ ಸರಿಯಾಗಿ ಕೇಳೇ ಇಲ್ಲ ಭಾವ. ಕೇಳದೇ ಇರೋದಕ್ಕೆ ಪಂದ್ಯ ಕಟ್ಟಿದೋರು ಸೋತ ಹಾಗೆ."

"ಹಾಗಾದ್ರೆ ನಿಮ್ಮಕ್ಕನೂ ಸೋತಳು! ಅವಳೂ ಇದೇ ಪ್ಲೇಯರಲ್ಲೇ ಕೇಳಿದ್ದು, ಅವಳಿಗೂ ಗೊತ್ತಿರಲಿಲ್ಲ!"

"ನಂಗೆ ಗೊತ್ತಿತ್ತು ಕಣ್ರೀ," ಎಂದಳು ಹೆಂಡತಿ, ಕಾಲನ್ನು ಇನ್ನಷ್ಟು ಚಾಚಿ. "ಹೊರಡೋ ದಿನ ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳಿ, 'ತುಂಬಾ ನಿಧಾನ ಆಯ್ತಮ್ಮ, ಯಜಮಾನರಿಗೆ ಹೇಳು' ಅಂದಿದ್ರು."

"ಮೂವತ್ತೆಂಟು ವರ್ಷ ಬಾಯಿ ಬಿಡಲಿಲ್ಲವಲ್ಲೇ!"

"ಹೇಳಿದ್ರೆ ಬೇಗ ಮುಗಿದುಹೋಗೋದು. ಇದು ಓಡುವಾಗ ತಾನೇ ನೀವು ಸುಮ್ಮನೆ ನನ್ನ ಪಕ್ಕ ಕೂತಿರ್ತಿದ್ದದ್ದು?"

ನ್ಯಾಯಾಧೀಶೆ ಅಕ್ಕನ ಪರವಾಗಿ ತೀರ್ಪು ಕೊಟ್ಟಳು. ನಾನು ತಿರುಪನ್ನು ಸರಿಯಾದ ವೇಗಕ್ಕೆ ತಂದೆ. ನನ್ನ ಗಡಿಯಾರ ಬಸ್ಸು ತಪ್ಪಿದವನ ಹಾಗೆ ಓಡತೊಡಗಿತು.

"ಅಯ್ಯೋ, ಇದ್ಯಾರದ್ದೋ! ನಮ್ಮದು ಹಾಕಿ," ಎಂದಳು ಹೆಂಡತಿ.

ಮತ್ತೆ ಇಪ್ಪತ್ತಾರಕ್ಕೇ ಇಳಿಸಿ, ನಾನು ಅಡುಗೆಮನೆಗೆ ನಡೆದೆ. ನಾಲ್ಕು ಡಬ್ಬಿ ಮುಚ್ಚಳ ತೆಗೆದೆ. ಒಂದರಲ್ಲೂ ಸಕ್ಕರೆ ಇರಲಿಲ್ಲ.

"ಭಾವ, ನಾನು ಬಂದು ತೋರಿಸ್ಲಾ?"

"ಬರಬೇಡ! ನಮ್ಮ ಮುತ್ತಾತ ನೂರಾ ಹನ್ನೆರಡು ಮೆಟ್ಟಿಲು ಒಬ್ಬರೇ ಹತ್ತಿದೋರು. ಒಂದು ಸಕ್ಕರೆ ಡಬ್ಬಿ ನಂಗೆ ಸಿಗಲ್ವಾ? ಎಷ್ಟು ಭಾನುವಾರ ಆದ್ರೂ ಆಗ್ಲಿ, ನಾನೇ ಹುಡುಕ್ತೀನಿ!"